ಬೆವರುವ ಮೋಟಾರಿಗೆ ಬೆಚ್ಚನೆ ನೀರು

ಬೆಳಗಾಗಿದೆ ಎಂದು ಗಡಿಯಾರ ಹೇಳುತ್ತದೆ, ಆಕಾಶ ಒಪ್ಪುವುದಿಲ್ಲ. ಜುಲೈ ತಿಂಗಳ ಮೂಡಿಗೆರೆಯಲ್ಲಿ ಇದು ದಿನಾ ನಡೆಯುವ ತಕರಾರು. ಹಳೇ ಸಾಮಿಲ್ಲಿನ ಪಕ್ಕದ ಶೆಡ್ಡಿನಲ್ಲಿ ಮಾತ್ರ ಆಗಲೇ ಬಲ್ಬು ಉರಿಯುತ್ತಿದೆ. ಸುಗ್ರಾ ಬೀ ಮಣೆಯ ಮೇಲೆ ಕೂತು, ಪಂಪ್‌ಸೆಟ್ಟಿನ ಮೋಟಾರೊಂದನ್ನು ಹಾಲು ಕರೆಯುವವರು ತಂಬಿಗೆ ಹಿಡಿದ ಹಾಗೆ ಮೊಣಕಾಲುಗಳ ನಡುವೆ ಅವುಚಿಕೊಂಡು, ಅದರ ಹೊಟ್ಟೆಯೊಳಗೆ ತಾಮ್ರದ ತಂತಿ ಇಳಿಸುತ್ತಿದ್ದಾರೆ. ತುಟಿ ಅಲುಗುತ್ತಿದೆ, ದನಿಯಿಲ್ಲ. ಸುತ್ತು ಎಣಿಸುವಾಗ ಅವರನ್ನು ಯಾರೂ ಮಾತಾಡಿಸುವಂತಿಲ್ಲ. ಎಣಿಕೆ ತಪ್ಪಿತೋ, ಸುತ್ತಿದ್ದೆಲ್ಲ ಬಿಚ್ಚಿ ಮೊದಲಿಂದ ಶುರು. ಅದಕ್ಕೇ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಅವರ ಯಜಮಾನರು ಗುಲಾಮ್ ಮುಸ್ತಫಾ ಕೂತಿರುತ್ತಾರೆ. ಗಿರಾಕಿ ಬಾಯಿ ತೆರೆಯುವ ಮೊದಲೇ ಅಂಗೈ ಎತ್ತಿ ತಡೆಯುತ್ತಾರೆ, ಪೇಟೆ ಸರ್ಕಲ್ಲಿನ ಟ್ರಾಫಿಕ್ ಪೊಲೀಸಿನ ಗತ್ತಿನಲ್ಲಿ.

ಇವತ್ತು ಆ ಅಂಗೈಗೆ ಸಿಕ್ಕಿಬಿದ್ದು ನಿಂತಿರುವವರು ಜಾವಳಿಯ ಬಡಗಿ ಉಮೇಶ್. ಮಳೆಯಂಗಿಯಿಂದ ನೀರು ತೊಟ್ಟಿಕ್ಕುತ್ತಿದೆ. ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ತಂದ ಗೋಣಿಚೀಲ ಈಗ ಎದೆಗೆ ಏರಿದೆ, ಜ್ವರದ ಮಗುವನ್ನು ಆಸ್ಪತ್ರೆಗೆ ತಂದ ಹಾಗೆ. ಸುಗ್ರಾ ಬೀ ಕೊನೆಯ ಸುತ್ತು ಮುಗಿಸಿ, ಗಂಟು ಹಾಕಿ, ತಲೆ ಎತ್ತುತ್ತಾರೆ. ಉಮೇಶ್ ಚೀಲ ಬಿಚ್ಚುತ್ತಾರೆ. ಒಳಗಿರುವುದು ಗೇಣುದ್ದದ, ಹೊಳೆಯುವ ಉಕ್ಕಿನ ಉರುಳೆಯಂಥ ಮೋಟಾರು, ತುದಿಯಲ್ಲಿ ನೀರಿನ ಪೈಪು ಸಿಕ್ಕಿಸಲು ಎರಡು ಮೂತಿ. ಅದನ್ನು ಅವರು ಬಗ್ಗಿಸಿದ ಕೂಡಲೇ ಕಾಫಿ ಡಿಕಾಕ್ಷನ್ನಿನ ಬಣ್ಣದ ನೀರು ಎಳೆಯಾಗಿ ನೆಲಕ್ಕಿಳಿಯುತ್ತದೆ.

"ಹೋಯ್ತು ಸುಗ್ರಕ್ಕ," ಎನ್ನುತ್ತಾರೆ ಉಮೇಶ್. ಅಷ್ಟೇ.

ಸುಗ್ರಾ ಬೀ ಉರುಳೆಯನ್ನು ಕೈಗೆ ತೆಗೆದುಕೊಳ್ಳುತ್ತಾರೆ. ಸುಟ್ಟ ಮೋಟಾರು ಅವರಿಗೆ ಹೊಸದಲ್ಲ, ದಿನಾ ಮುಖ ತೊಳೆಯುವ ಮೊದಲೇ ಒಂದೆರಡರ ಮುಖ ನೋಡುತ್ತಾರೆ. ಆದರೆ ಈ ಮೋಟಾರನ್ನು ಯಾವ ಅಂಗಡಿಯವನೂ ಉಮೇಶರ ತಲೆಗೆ ಕಟ್ಟಿದ್ದಲ್ಲ. ಇದೇ ಆಗಬೇಕು, ಇಷ್ಟೇ ಶಕ್ತಿಯದ್ದಾಗಬೇಕು, ಹೀಗೇ ತಂಪು ಮಾಡಬೇಕು ಎಂದು ಆರಿಸಿಕೊಟ್ಟವರು ಸ್ವತಃ ಸುಗ್ರಾ ಬೀ.

ಅವರು ಹುಟ್ಟಿದ್ದು ಅತ್ತಿಗುಂಡಿಯಲ್ಲಿ. ಅಪ್ಪ ಕಾಫಿ ಎಸ್ಟೇಟಿನ ಜೀಪು, ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರು, ಜನರೇಟರು ಎಲ್ಲದಕ್ಕೂ ಒಬ್ಬನೇ ಮೆಕ್ಯಾನಿಕ್ಕು. ಮಗಳು ಏಳನೇ ಕ್ಲಾಸಿಗೆ ಶಾಲೆ ಬಿಟ್ಟರೂ ಅಪ್ಪನ ಸ್ಪ್ಯಾನರು ಬಿಡಲಿಲ್ಲ. ಮದುವೆಯಾಗಿ ಮೂಡಿಗೆರೆಗೆ ಬಂದ ಮೇಲೆ ಒಲೆಯ ಮೇಲೆ ಅನ್ನ, ಕೈಯಲ್ಲಿ ತಂತಿ ಸುತ್ತುವ ಹ್ಯಾಂಡಲು. ತಂತಿಯನ್ನು ಕಾಯಿಲ್ ಮಾಡಿ ಕೊಡುವುದು ಇವರು, ಶೆಡ್ಡಿನಲ್ಲಿ ಕೂತು ಅದನ್ನು ಮೋಟಾರಿಗೆ ಇಳಿಸಿ ಹೆಸರು ಪಡೆಯುವುದು ಮುಸ್ತಫಾ ಸಾಹೇಬರು. ಮುಂದೆ ಸಾಹೇಬರ ಕೈ ನಡುಗಲು ಶುರುವಾಯಿತು. ಸೂಜಿದಾರದಂಥ ತಂತಿ ನಡುಗುವ ಕೈಗೆ ಒಲಿಯುವುದಿಲ್ಲ. ಅಡುಗೆಮನೆಗೂ ಶೆಡ್ಡಿಗೂ ನಡುವೆ ಇದ್ದದ್ದು ಒಂದೇ ಗೋಡೆ. ಅದನ್ನು ದಾಟಿ ಬರುವುದಕ್ಕೆ ಸುಗ್ರಾ ಬೀಗೆ ಅರ್ಧ ಆಯಸ್ಸು ಹಿಡಿಯಿತು.

ಮೊದಮೊದಲು ಎಸ್ಟೇಟಿನ ಲೆಕ್ಕ ಬರೆಯುವ ರೈಟರುಗಳು ಬಾಗಿಲಲ್ಲಿ ನಿಂತು ಇವರ ತಲೆಯ ಮೇಲಿಂದ ಒಳಗೆ ಇಣುಕುತ್ತಿದ್ದರು. ಸಾಹೇಬ್ರಿಲ್ವಾ ಎಂದು ಕೇಳುತ್ತಿದ್ದರು. ಸಾಹೇಬರು ಎದುರಿಗೇ ಕೂತು, ನಾನು ಬರೀ ಕಾಂಪೌಂಡರು, ಡಾಕ್ಟ್ರು ಒಳಗಿದ್ದಾರೆ ಎನ್ನುತ್ತಿದ್ದರು. ಈಗ ಅದೇ ರೈಟರುಗಳು ಸುಗ್ರಾ ಬೀ ಎದುರು ನಿಂತು ಮೋಟಾರಿನ ನರಳಾಟವನ್ನು ನಟಿಸಿ ತೋರಿಸುತ್ತಾರೆ. ಒಬ್ಬರದ್ದು ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ. ಇನ್ನೊಬ್ಬರದ್ದು ಘರ್ರೋ ಎಂದು ಗಂಟಲು ಕ್ಯಾಕರಿಸುತ್ತದೆ. ಕಳಸದ ಕಡೆಯ ಮೇಸ್ತ್ರಿಯೊಬ್ಬರದ್ದು ಟಕ್ ಟಕ್ ಎಂದು ತಾಳ ಹಾಕಿ, ಆಮೇಲೆ ಉಸ್ಸಪ್ಪಾ ಎನ್ನುತ್ತದಂತೆ. ಆ ಉಸ್ಸಪ್ಪಾ ಮೋಟಾರಿನದ್ದೋ ಮೇಸ್ತ್ರಿಯದ್ದೋ ಎಂದು ವಿಚಾರಿಸುವುದು ಸಾಹೇಬರ ಕೆಲಸ.

ಹಣ್ಣು ಕುಯ್ಯುವ ಕಾಲಕ್ಕೆ ಪಲ್ಪರ್ ಮೋಟಾರುಗಳು, ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಪಂಪುಗಳು. ಆಗೆಲ್ಲ ದಿನಕ್ಕೆ ಎಂಟು ಹತ್ತು ಮೋಟಾರು ಶೆಡ್ಡಿನ ಮುಂದೆ ಸಾಲುಗಟ್ಟುತ್ತವೆ. ಮಳೆಗಾಲದಲ್ಲಿ ಒಂದೆರಡು ಬಂದರೆ ಪುಣ್ಯ. ಕಾಯಿಲ್ಲಿಗೆ ಬರುವ ಕಾಯಿಲೆ ಹತ್ತಾರು, ಆದರೆ ಸುಗ್ರಾ ಬೀ ಪ್ರಕಾರ ಮೂಲ ಒಂದೇ, ಬಿಸಿ. ವೋಲ್ಟೇಜು ಇಳಿದರೂ ಬಿಸಿ, ಹೊರೆ ಹೆಚ್ಚಾದರೂ ಬಿಸಿ, ಗಾಳಿ ಆಡದಿದ್ದರೂ ಬಿಸಿ. ಮೂವತ್ತು ವರ್ಷದಿಂದ ಅವರು ಕಾದಾಡುತ್ತ ಬಂದಿರುವ ವೈರಿ ಅದು. ಅದರ ಒಂದೊಂದು ಕಳ್ಳದಾರಿಯೂ ಅವರಿಗೆ ಗೊತ್ತು.

ಉಮೇಶರ ವೈರಿ ಬೇರೆ. ಅದು ಅವರ ಬಲಗೈಯಲ್ಲೇ ಮನೆ ಮಾಡಿದೆ. ಇಷ್ಟು ವರ್ಷ ಉಳಿ ಬಡಿದು, ಗಡಗಡ ಎನ್ನುವ ಮಿಷಿನು ಹಿಡಿದು, ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ ಜೋಮು. "ಉಳಿ ಹಿಡಿದ್ರೆ ಕೈ ನಂದು ಅನ್ನಿಸಲ್ಲ, ಯಾರದ್ದೋ ಕೈ ಇಸ್ಕೊಂಡು ಬಂದ ಹಾಗೆ," ಎನ್ನುತ್ತಾರೆ. ಅದುರುವ ಯಾವುದನ್ನೂ ಕೈಯಲ್ಲಿ ಹಿಡಿಯಬೇಡಿ ಎಂದು ಡಾಕ್ಟರು ಹೇಳಿದ ದಿನ ಉಮೇಶ್ ಹತ್ತಿರದ ಹೋಂಸ್ಟೇಗೆ ಹೋಗಿ ಗೇಟಿನ ಕೆಲಸ ಖಾಲಿ ಇದೆಯಾ ಎಂದು ಕೇಳಿಯೂ ಬಂದಿದ್ದರು. ಇತ್ತು. ಕಾರು ಬಂದಾಗ ಗೇಟು ತೆಗೆಯುವುದು, ಹೋದಾಗ ಹಾಕುವುದು. ಬಾಗಿಲು ಮಾಡುವವನು ಬಾಗಿಲು ಕಾಯುವವನಾಗುವುದಕ್ಕೆ ಇನ್ನೊಂದೇ ಮೆಟ್ಟಿಲು ಬಾಕಿ ಉಳಿದಿತ್ತು.

ಆ ಹೊತ್ತಿಗೆ ಸಿಕ್ಕಿದ್ದು ಕಳಸದ ವಸಂತಮ್ಮನವರ ಆರ್ಡರು. ಅವರು ಜೇನು ಸಾಕುವ ಹೆಂಗಸರ ಸಂಘ ನಡೆಸುತ್ತಾರೆ. ಮಳೆ ಬಿಟ್ಟ ಮೇಲೆ ಜೇನು ಕುಟುಂಬಗಳನ್ನು ಪಾಲು ಮಾಡುತ್ತಾರೆ, ಹೊಸ ಪಾಲಿಗೆ ಹೊಸ ಪೆಟ್ಟಿಗೆ ಬೇಕು. ಪೆಟ್ಟಿಗೆಯೆಂದರೆ ನಾಲ್ಕು ಹಲಗೆ ಹೊಡೆದು ಮುಚ್ಚುವುದಲ್ಲ. ಒಳಗಿನ ಚೌಕಟ್ಟುಗಳು ಕೂರುವ ತೋಡು ಎಲ್ಲ ಪೆಟ್ಟಿಗೆಯಲ್ಲೂ ಒಂದೇ ಅಳತೆಯಲ್ಲಿರಬೇಕು. ಸಂದು ದೊಡ್ಡದಾದರೆ ಜೇನು ಅಲ್ಲೇ ಎರಿ ಕಟ್ಟಿ ಕೂರುತ್ತದೆ, ಸಣ್ಣದಾದರೆ ಚೌಕಟ್ಟು ಎತ್ತುವಾಗ ಹುಳ ಸಾಯುತ್ತವೆ. ವಸಂತಮ್ಮ ಆಗಲೇ ಖಡಾಖಂಡಿತ ಹೇಳಿದ್ದರು, ನಾವು ಮಳೆ ಬಿಡುವವರೆಗೆ ಕಾಯುತ್ತೇವೆ, ಆಮೇಲೆ ಹುಳ ಕಾಯುವುದಿಲ್ಲ ಎಂದು. ಅಷ್ಟರೊಳಗೆ ಪೆಟ್ಟಿಗೆ ಆದರೆ ಪ್ರತಿ ವರ್ಷದ ಕೆಲಸ ಉಮೇಶರದ್ದು. ಆಗದಿದ್ದರೆ ಗೇಟು.

ಇಂಥ ಕೆಲಸಕ್ಕೆ ಇರುವುದೇ ರೂಟರ್ ಮೇಜು. ಉಮೇಶ್ ಮೊದಲ ಸಲ ಆ ಹೆಸರೆತ್ತಿದಾಗ ಮುಸ್ತಫಾ ಸಾಹೇಬರು, ಜಾವಳಿಯಲ್ಲಿ ಫೋನಿಗೇ ಸಿಗ್ನಲ್ಲಿಲ್ಲ, ಮರಕ್ಕೆ ಯಾಕೆ ಮಾರಾಯ ಇಂಟರ್‌ನೆಟ್ಟು ಎಂದಿದ್ದರಂತೆ. ಇದು ಆ ರೂಟರ್ ಅಲ್ಲ. ಮೇಜಿನ ಅಡಿಯಲ್ಲಿ ಮೋಟಾರು ತಲೆ ಮೇಲಾಗಿ ಕೂತಿರುತ್ತದೆ, ನಡುವಿನ ತೂತಿನಿಂದ ಅಲಗು ಮಾತ್ರ ಹೊರಗೆ ಇಣುಕುತ್ತದೆ. ಹಲಗೆಯನ್ನು ಅದರ ಮೇಲೆ ತಳ್ಳಿದರೆ ತೋಡು ತಾನೇ ಬೀಳುತ್ತದೆ. ಅದುರುವುದು ಮೇಜು, ಕೈಯಲ್ಲ. ತಳ್ಳುವುದಕ್ಕೆ ಉಮೇಶರ ಎಡಗೈ ಸಾಕು, ಬಲಗೈ ಹೆಸರಿಗೆ.

ಮೊದಲಿಗೆ ಉಮೇಶ್ ತಮ್ಮ ಹಳೇ ಕೈಮಿಷಿನನ್ನೇ ಅಲಗು ಮೇಲೆ ಬರುವಂತೆ ಮೇಜಿನಡಿ ತಲೆಕೆಳಗಾಗಿ ಕಟ್ಟಿದರು. ಉದುರುವ ಪುಡಿಯನ್ನೆಲ್ಲ ಅದು ಉಸಿರಾಡಿ ಎರಡು ಸಲ ಸುಟ್ಟಿತು. ಎರಡನೇ ಸಲ ಸುತ್ತಿಕೊಡುವಾಗ ಸುಗ್ರಾ ಬೀಗೆ ತಡೆಯಲಾಗಲಿಲ್ಲ. "ಕೈಯಲ್ಲಿ ಹಿಡಿದು ಗಳಿಗೆ ಹೊತ್ತು ಓಡ್ಸಿ ಇಡೋ ಮಿಷಿನು ಇದು. ಜಾವಳೀಲಿ ಬಾವಲಿ ಹಾಗೆ ದಿನವಿಡೀ ನೇತು ಹಾಕಿದ್ರೆ ಬದುಕ್ತದಾ?" ಎಂದರು. ಮೇಜಿಗೆಂದೇ ಮಾಡಿದ ಮೋಟಾರು ಬೇರೆ ಇದೆ, ಸ್ಪಿಂಡಲ್ ಅಂತ, ಅದನ್ನು ಹಾಕು ಎಂದರು.

ಉಮೇಶ್ ಸಿಗ್ನಲ್ ಸಿಕ್ಕ ಕಡೆ ಫೋನಿನಲ್ಲಿ ಸ್ಪಿಂಡಲ್ಲುಗಳ ಚಿತ್ರ ಹುಡುಕಿ, ಇದ್ದದ್ದರಲ್ಲೇ ದೊಡ್ಡದನ್ನು ಆರಿಸಿಕೊಂಡು ಬಂದರು. ಮೂರು ಕಿಲೋವ್ಯಾಟ್. ಸುಗ್ರಾ ಬೀ ಚಿತ್ರ ನೋಡಲೇ ಇಲ್ಲ, ಪ್ರಶ್ನೆ ಕೇಳುತ್ತ ಹೋದರು. ಯಾವ ಮರ? ಹಲಸು, ಸಿಲ್ವರ್ ಓಕ್. ಎಷ್ಟು ದಪ್ಪದ ಅಲಗು? ಕಿರುಬೆರಳಿಗಿಂತ ತೆಳ್ಳಗೆ. ಸಂಜೆ ನಿಮ್ಮನೆ ಬಲ್ಬು ಕುಂಬಳಕಾಯಿ ಬಣ್ಣಕ್ಕೆ ತಿರುಗುತ್ತದಾ? ತಿರುಗುತ್ತದೆ, ಅದೂ ಪಲ್ಪರ್ ಓಡುವ ತಿಂಗಳಲ್ಲಿ ಹಣ್ಣಾದ ಕುಂಬಳಕಾಯಿ. ಹಾಗಾದರೆ ದೊಡ್ಡದು ಬೇಡ ಎಂದರು. ಸ್ಪಿಂಡಲ್ಲಿಗೆ ಮನೆಯ ಕರೆಂಟು ಸೀದಾ ಹೋಗುವುದಿಲ್ಲ, ಸಿಂಗಲ್ ಫೇಸನ್ನು ಮೂರು ಫೇಸು ಮಾಡಿ, ವೇಗ ಹೆಚ್ಚುಕಡಿಮೆ ಮಾಡಿ ಉಣಿಸುವ ಡ್ರೈವ್ ಪೆಟ್ಟಿಗೆ ನಡುವೆ ಇರುತ್ತದೆ. ವೋಲ್ಟೇಜು ಇಳಿದಾಗ ದೊಡ್ಡ ಮೋಟಾರಿನ ಹಸಿವಿಗೆ ಬಡಿಸಲಾಗದೆ ಆ ಪೆಟ್ಟಿಗೆ ಕೈಚೆಲ್ಲಿ ಕೂತುಬಿಡುತ್ತದೆ. ತೆಳ್ಳಗಿನ ಅಲಗಿಗೆ ಬೇಕಾದದ್ದು ವೇಗ, ತೋಳ್ಬಲವಲ್ಲ. ಒಂದೂವರೆ ಕಿಲೋವ್ಯಾಟ್ ಸಾಕು.

ಇನ್ನು ಗಾಳಿಯಲ್ಲಿ ತಂಪಾಗುವುದೋ, ನೀರಿನಲ್ಲೋ? ಗಾಳಿಯದ್ದಾದರೆ ಬಾಲದಲ್ಲೇ ಫ್ಯಾನಿರುತ್ತದೆ, ಪೈಪಿನ ರಗಳೆಯಿಲ್ಲ. ಆದರೆ ಮರದ ಪುಡಿಯ ನಡುವೆ ಅದೂ ಪುಡಿಯನ್ನೇ ಎಳೆದುಕೊಳ್ಳುತ್ತದೆ. ಮೇಲಾಗಿ ಮೋಟಾರಿನ ವೇಗ ತಗ್ಗಿಸಿದರೆ ಫ್ಯಾನಿನ ವೇಗವೂ ತಗ್ಗುತ್ತದೆ, ಗಾಳಿ ಬೇಕಾದಾಗಲೇ ಗಾಳಿ ನಾಪತ್ತೆ. ಸದ್ದಂತೂ ದೇವರಿಗೇ ಪ್ರೀತಿ. ನೀರಿನದ್ದು ಬಾಯಿ ಮುಚ್ಚಿದ ಮೋಟಾರು, ಮೈಯೊಳಗಿನ ಕಾಲುವೆಯಲ್ಲಿ ನೀರು ಹರಿದು ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ನೀರಿನದ್ದೇ ಎಂದು ತೀರ್ಮಾನವಾಯಿತು.

ಮೋಟಾರು ಬಂದ ದಿನ ಸುಗ್ರಾ ಬೀ ಮೊದಲು ಬಿಚ್ಚಿದ್ದು ಅದರ ಪ್ಲಗ್ಗನ್ನು. ನಾಲ್ಕು ಪಿನ್ನು ಇದ್ದವು, ನಾಲ್ಕನೆಯದಕ್ಕೆ ಒಳಗೆ ತಂತಿಯೇ ಇರಲಿಲ್ಲ. ಮೋಟಾರಿನ ಮೈಯಿಂದ ಹೊಸ ತಂತಿ ಎಳೆದು ಅರ್ತಿಂಗ್ ಕೊಟ್ಟರು. ನೀರು, ಕರೆಂಟು, ಮನುಷ್ಯ ಮೂವರೂ ಒಂದೇ ಮೇಜಿಗೆ ಕೂರುವಾಗ ಅರ್ತಿಂಗ್ ಇಲ್ಲದೆ ಬಡಿಸಬಾರದು ಎನ್ನುವುದು ಅವರ ಶಿಸ್ತು.

ನೀರಿನ ವಿಷಯಕ್ಕೆ ಬಂದಾಗ ಅವರಿಗೆ ಹೊಳೆದದ್ದು ಈ ಸೀಮೆಯವರಿಗೆ ಮಾತ್ರ ಹೊಳೆಯುವಂಥದ್ದು. ಬೇರೆ ಕಡೆ ಡ್ರಮ್ಮು ಇಟ್ಟು, ಪಂಪು ಇಟ್ಟು ನೀರು ಸುತ್ತಿಸುತ್ತಾರೆ. ಉಮೇಶರ ಮನೆಗೆ ಗುಡ್ಡದ ಮೇಲಿನ ಅಬ್ಬಿಯಿಂದ, ಅಂದರೆ ಝರಿಯಿಂದ, ಪೈಪಿನಲ್ಲಿ ನೀರು ತಾನಾಗಿ ಇಳಿದು ಬರುತ್ತದೆ. ಎಸ್ಟೇಟಿನವರ ಭಾಷೆಯಲ್ಲಿ ಗ್ರಾವಿಟಿ ನೀರು. ಹಗಲೂ ರಾತ್ರಿ ಹರಿಯುತ್ತಲೇ ಇರುತ್ತದೆ, ಕರೆಂಟು ಕೇಳುವುದಿಲ್ಲ. ಅದೇ ಪೈಪನ್ನು ಸ್ಪಿಂಡಲ್ಲಿನ ಒಂದು ಮೂತಿಗೆ ಸಿಕ್ಕಿಸಿ, ಇನ್ನೊಂದು ಮೂತಿಯಿಂದ ಹೊರಟ ನೀರನ್ನು ಬಾಳೆಬುಡಕ್ಕೆ ಬಿಟ್ಟರು. ಏಪ್ರಿಲ್ಲಿನ ಧಗೆಯಲ್ಲಿ ದಿನವಿಡೀ ಓಡಿದ ಮೋಟಾರಿನ ಮೈ ಮುಟ್ಟಿದರೆ ಎಳನೀರಿನ ಬುರುಡೆ ಮುಟ್ಟಿದ ಹಾಗೆ. ನೋಡಲು ಬಂದವರೆಲ್ಲ ಕೈಯಿಟ್ಟು ಆಹಾ ಎಂದರು. ಬಾಗಿಲಲ್ಲಿ ಕೂರುವ ಸಾಹೇಬರಂತೂ ಮೂಡಿಗೆರೆಗೆಲ್ಲ ಡಂಗುರ ಹೊಡೆದರು, ಜೇನಿನ ಪೆಟ್ಟಿಗೆಗೆ ನಮ್ಮ ಬೀಯೇ ಬೇಕಾಯ್ತು ನೋಡಿ ಎಂದು. ಮೇ ತಿಂಗಳಲ್ಲಿ ಮಾದರಿ ಪೆಟ್ಟಿಗೆ ಕಳಸಕ್ಕೆ ಹೋಗಿ ಪಾಸಾಯಿತು.

ಜೂನಿನಲ್ಲಿ ಮಳೆ ಹಿಡಿಯಿತು. ಮಂಜು ಉಮೇಶರ ಶೆಡ್ಡಿನೊಳಗೇ ಬಂದು ಕೂರತೊಡಗಿತು. ಸ್ಪಿಂಡಲ್ಲಿನ ಮೈ ಸದಾ ಒದ್ದೆ. ಪೈಪಿನ ಕ್ಲಾಂಪು ಸಡಿಲವಿರಬೇಕೆಂದು ಉಮೇಶ್ ಬಿಗಿ ಮಾಡಿದರು. ಮತ್ತೂ ಒದ್ದೆ. ಪೈಪು ಬದಲಾಯಿಸಿದರು. ಮತ್ತೂ ಒದ್ದೆ. ಸದ್ದು ಬೇರೆ ಬದಲಾಯಿತು, ಸಲೀಸಾಗಿ ಗುನುಗುತ್ತಿದ್ದದ್ದು ನೆಗಡಿಯಾದವರ ಹಾಗೆ ಗೊರಗೊರ ಎನ್ನತೊಡಗಿತು. ಜುಲೈ ತಿಂಗಳ ಒಂದು ಸಂಜೆ ಪಟ್ ಎಂದಿತು, ಡ್ರೈವ್ ಪೆಟ್ಟಿಗೆ ಕೆಂಪು ಅಕ್ಷರ ತೋರಿಸಿ ನಿಂತಿತು. ಒಪ್ಪಿಕೊಂಡ ಪೆಟ್ಟಿಗೆಗಳಲ್ಲಿ ಅರ್ಧವೂ ಆಗಿರಲಿಲ್ಲ.

ಈಗ ಅದೇ ಮೋಟಾರು ಸುಗ್ರಾ ಬೀ ಮಣೆಯ ಮುಂದೆ ಬಿಚ್ಚಿಕೊಂಡು ಮಲಗಿದೆ. ಬೇರಿಂಗಿನಲ್ಲಿ ತುಕ್ಕು. ಸುತ್ತಿನ ಒಂದು ಮೂಲೆ ಕಪ್ಪಗೆ ಸುಟ್ಟಿದೆ, ಉಳಿದದ್ದು ಹೊಸದರ ಹಾಗೆ ಹೊಳೆಯುತ್ತಿದೆ. ಬಿಸಿಯಿಂದ ಸತ್ತ ಮೋಟಾರು ಹೀಗಿರುವುದಿಲ್ಲ, ಪೂರ್ತಿ ಕಂದುತ್ತದೆ. ಇದು ನೀರು ಕುಡಿದು ಸತ್ತದ್ದು. ಎಲ್ಲಿಂದ ಕುಡಿಯಿತು? ಸುಗ್ರಾ ಬೀ ಒಂದು ಮೂತಿ ಮುಚ್ಚಿ, ಇನ್ನೊಂದಕ್ಕೆ ಸೈಕಲ್ ಪಂಪು ಹಚ್ಚಿ, ಖಾಲಿ ಮೈಯನ್ನು ಬಕೆಟ್ಟಿನ ನೀರಿನಲ್ಲಿ ಮುಳುಗಿಸುತ್ತಾರೆ, ಪಂಕ್ಚರ್ ಅಂಗಡಿಯಲ್ಲಿ ಟ್ಯೂಬು ಮುಳುಗಿಸುವ ಹಾಗೆ. ಮೂವರೂ ಬಗ್ಗಿ ನೋಡುತ್ತಾರೆ. ಒಂದು ಗುಳ್ಳೆಯೂ ಏಳುವುದಿಲ್ಲ.

ತೂತಿಲ್ಲ, ನೀರು ಮಾತ್ರ ಒಳಗಿದೆ. ಸುಗ್ರಾ ಬೀ ಅದನ್ನು ತಿರುಗಿಸಿ ಮತ್ತೊಮ್ಮೆ ಮುಳುಗಿಸುತ್ತಾರೆ, ಮತ್ತೂ ಗುಳ್ಳೆಯಿಲ್ಲ. ಉಮೇಶ್ ಮಳೆಯಂಗಿ ಕೊಡವಿಕೊಂಡು, ಇನ್ನು ವಸಂತಮ್ಮನಿಗೆ ಹೇಳಿಬಿಡುವುದೇ ಸರಿ, ಅವರು ಬೇರೆ ಕಡೆಯಾದರೂ ಮಾಡಿಸಿಕೊಳ್ಳಲಿ, ಇವತ್ತೇ ಕಳಸಕ್ಕೆ ಹೋಗಿ ಬರುತ್ತೇನೆ ಎನ್ನುತ್ತಾರೆ. ಗೇಟಿನ ಕೆಲಸ ಇನ್ನೂ ಖಾಲಿ ಇದೆಯಂತೆ ಎಂದೂ ಸೇರಿಸುತ್ತಾರೆ, ಹವಾಮಾನದ ಸುದ್ದಿ ಹೇಳಿದ ಹಾಗೆ.

"ಕಳಸಕ್ಕೆ ಆಮೇಲೆ ಹೋಗು ಮಾರಾಯ," ಎಂದು ಸುಗ್ರಾ ಬೀ ಎದ್ದು ನಿಲ್ಲುತ್ತಾರೆ. "ಮೊದ್ಲು ನನ್ನನ್ನ ಜಾವಳಿಗೆ ಕರ್ಕೊಂಡು ಹೋಗು. ಮೋಟಾರು ಇಲ್ಲಿ ಸುಳ್ಳು ಹೇಳ್ತಾ ಇದೆ, ಅಲ್ಲಿ ಎಂತ ಮಾಡ್ತಿತ್ತು ನೋಡ್ಬೇಕು."

ಶೆಡ್ಡು ಬಿಟ್ಟು ಅವರು ಹೊರಗೆ ಹೋಗುವುದೇ ಅಪರೂಪ. ಬಾಗಿಲನ್ನು ಸಾಹೇಬರಿಗೆ ಒಪ್ಪಿಸಿ, ಉಮೇಶರ ಸ್ಕೂಟರಿನ ಹಿಂದೆ ಅಡ್ಡ ಕೂತು, ಇಬ್ಬರಿಗೂ ಸೇರಿಸಿ ಒಂದು ಕೊಡೆ ಹಿಡಿದುಕೊಂಡು ಹೊರಡುತ್ತಾರೆ. ಕೊಡೆ ಗಾಳಿಗೆ ಎರಡು ಸಲ ಉಲ್ಟಾ ಆಗುತ್ತದೆ. ಜಾವಳಿ ಮುಟ್ಟುವಷ್ಟರಲ್ಲಿ ಒಣಗಿದ್ದದ್ದು ಎಂದರೆ ಕೊಡೆಯ ಹಿಡಿ ಮಾತ್ರ.

ಉಮೇಶರ ಶೆಡ್ಡಿನಲ್ಲಿ ಮುಗಿದ ಪೆಟ್ಟಿಗೆಗಳು ಒಂದು ಕಡೆ, ಮುಗಿಯದ ಹಲಗೆಗಳು ಇನ್ನೊಂದು ಕಡೆ. ನಡುವೆ ತಗಡಿನ ಹೊದಿಕೆಯ ಮೇಜು, ಅದರ ನಡುವೆ ಮೋಟಾರಿಲ್ಲದ ತೂತು. ಉಮೇಶರ ಹೆಂಡತಿ ಯಶೋದಾ ಒಂದು ಲೋಟ ಅಬ್ಬಿ ನೀರು, ಒಂದು ಲೋಟ ಕಾಫಿ ತಂದು ಆ ಮೇಜಿನ ಮೇಲೇ ಇಡುತ್ತಾರೆ. ಸುಗ್ರಾ ಬೀ ಟಾರ್ಚು ಹಿಡಿದು ಮೇಜಿನಡಿ ತೂರಿ ಕ್ಲಾಂಪು, ಪೈಪು, ಪಟ್ಟಿ ಎಲ್ಲ ತಡಕಿ ಬರುತ್ತಾರೆ. ಏನೂ ಸಿಗುವುದಿಲ್ಲ. ಸೋತು ಕಾಫಿಗೆ ಕೈ ಹಾಕುತ್ತಾರೆ. ಲೋಟ ಎತ್ತಿದ ಜಾಗ ಒಣಗಿದೆ. ನೀರಿನ ಲೋಟ ಎತ್ತುತ್ತಾರೆ. ಅದರಡಿ ತಗಡಿನ ಮೇಲೆ ದುಂಡಗೆ ಒಂದು ನೀರಿನ ಬಳೆ.

ಲೋಟವನ್ನು ಅಲ್ಲಿದ್ದ ಒಣ ಬಟ್ಟೆಯಿಂದ ಒರೆಸಿ ಮತ್ತೆ ಇಡುತ್ತಾರೆ. ಕಾಫಿ ಕುಡಿಯುವಷ್ಟರಲ್ಲಿ ಲೋಟದ ಹೊರಮೈಯಲ್ಲಿ ಮತ್ತೆ ಸಣ್ಣ ಸಣ್ಣ ಮಣಿ. ಲೋಟ ಒಡೆದಿಲ್ಲ, ತುಳುಕಿಲ್ಲ. ಎದ್ದು ಗೋಡೆಯ ಬಳಿ ಹೋಗುತ್ತಾರೆ. ಅಲ್ಲಿ ಎರಡು ಪೈಪು ಹಾದುಹೋಗಿವೆ, ಒಂದರಲ್ಲಿ ಅಬ್ಬಿಯ ನೀರು ಹರಿಯುತ್ತಿದೆ, ಇನ್ನೊಂದು ಕಟ್ಟಿಹೋದ ಹಳೇ ಪೈಪು. ಹರಿಯುವುದರ ಮೇಲೆ ಬೆರಳೆಳೆದರೆ ಬೆರಳು ಒದ್ದೆ. ಕಟ್ಟಿಹೋದದ್ದರ ಮೇಲೆ ಎಳೆದರೆ ಬರೀ ಧೂಳು.

ಸುಗ್ರಾ ಬೀ ಹಲಗೆಯ ಮೇಲೆ ಕೂತುಬಿಡುತ್ತಾರೆ.

"ಸೋರಿದ್ದಲ್ಲ ಉಮೇಶ, ಬೆವರಿದ್ದು," ಎನ್ನುತ್ತಾರೆ. "ಮಳೆಗಾಲದ ಗಾಳೀಲಿ ನೀರು ತುಂಬ್ಕೊಂಡಿರ್ತದೆ. ತಣ್ಣಗಿನದು ಎಲ್ಲಿ ಸಿಗ್ತದೋ ಅಲ್ಲಿ ಹೋಗಿ ಕೂರ್ತದೆ. ಅಬ್ಬಿ ನೀರು ಬಿಟ್ಟು ಬಿಟ್ಟು ಮೋಟಾರನ್ನ ಹೊರಗೂ ಒಳಗೂ ತಣ್ಣಗೆ ಮಾಡಿಟ್ಟವಳು ನಾನು. ನಿನ್ನ ಕ್ಲಾಂಪಿಂದು ಏನೂ ತಪ್ಪಿಲ್ಲ. ಬಿಸಿ ಒಂದೇ ವೈರಿ ಅಂತ ನಂಬ್ಕೊಂಡು, ಚಳಿಗೆ ಬಾಗಿಲು ತೆಗ್ದುಬಿಟ್ಟೆ."

ಉಮೇಶ್ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಾರೆ. ಆಮೇಲೆ, ತಿಂಗಳಿಂದ ತನ್ನ ಕೈ ಸರಿಯಿಲ್ಲದ್ದಕ್ಕೇ ಕ್ಲಾಂಪು ನಿಲ್ಲುತ್ತಿಲ್ಲ ಎಂದುಕೊಂಡು ಸ್ಕ್ರೂಗಳ ತಲೆ ಹಾರುವವರೆಗೆ ಬಿಗಿ ಮಾಡುತ್ತಿದ್ದೆ ಎಂದು ನಗುತ್ತಾರೆ. ತಪ್ಪು ತನ್ನ ಕೈಯದಲ್ಲ ಎಂದು ತಿಳಿದ ಸಮಾಧಾನ ಆ ನಗುವಿನಲ್ಲಿ ತುಂಬಿದೆ. ಯಶೋದಾ ಲೋಟ ತೆಗೆದುಕೊಳ್ಳುತ್ತ, "ಅಂತೂ ಈ ಶೆಡ್ಡಲ್ಲಿ ದುಡಿದು ಬೆವರೋರು ಒಬ್ರಾದ್ರೂ ಇದ್ರು ಅಂತ ಆಯ್ತು," ಎಂದು ಗಂಡನ ಕಡೆ ನೋಡದೆಯೇ ಹೇಳಿ ಒಳಗೆ ಹೋಗುತ್ತಾರೆ.

ಕಾರಣ ಸಿಕ್ಕಿತು, ಮೋಟಾರು ಮಾತ್ರ ಇನ್ನೂ ಸತ್ತೇ ಇದೆ. ಪಲ್ಪರ್ ಮೋಟಾರಿನ ಹೊಟ್ಟೆಯಲ್ಲಿ ಕೈ ಆಡುತ್ತದೆ, ಸ್ಪಿಂಡಲ್ಲಿನ ಹೊಟ್ಟೆಯಲ್ಲಿ ಎರಡು ಬೆರಳೂ ಆಡುವುದಿಲ್ಲ. ಸುಗ್ರಾ ಬೀ ಇಂಥದ್ದನ್ನು ಯಾವತ್ತೂ ಸುತ್ತಿದವರಲ್ಲ. ಸುಟ್ಟ ಸುತ್ತನ್ನು ಕತ್ತರಿಸಿ, ಎಳೆ ಎಣಿಸಿ, ಅದೇ ದಪ್ಪದ ತಂತಿ ತರಿಸಿಕೊಳ್ಳುತ್ತಾರೆ. ಬಿದಿರು ಸೀಳಿ ನಯ ಮಾಡಿದ ಕಡ್ಡಿಗಳಿಂದ ಒಂದೊಂದೇ ಎಳೆಯನ್ನು ಒಳಗೆ ಕೂರಿಸುತ್ತಾರೆ. ಮೊದಲ ಸಲ ಎಲ್ಲ ಮುಗಿದ ಮೇಲೆ ಪರೀಕ್ಷಿಸಿದರೆ ಎಲ್ಲೋ ತಂತಿಯ ಮೈ ತರಚಿ ಕರೆಂಟು ಮೋಟಾರಿನ ಮೈಗೇ ಇಳಿಯುತ್ತಿದೆ. ಬಿಚ್ಚಿ ಎಸೆಯುತ್ತಾರೆ. ಎರಡನೇ ಸಲ ಸಾಹೇಬರು ಬಾಗಿಲಿಗೆ ಚಿಲಕವನ್ನೇ ಹಾಕಿಬಿಡುತ್ತಾರೆ. ಹೊರಗೆ ನಿಂತ ಗಿರಾಕಿಯೊಬ್ಬ ಅಂಗಡಿ ರಜವಾ ಎಂದು ಕೂಗಿದ್ದಕ್ಕೆ ಒಳಗಿನಿಂದ ಉತ್ತರವೂ ಬರುವುದಿಲ್ಲ. ಎಣಿಕೆ ನಡೆಯುತ್ತಿದೆ.

ಈ ಸಲ ಪರೀಕ್ಷೆಯಲ್ಲಿ ಪಾಸಾಗಿ ವಾರ್ನಿಷ್ ಹಾಕಿಸಿಕೊಂಡ ಸುತ್ತು ಒಣಗಬೇಕಲ್ಲ, ಹೊರಗೆ ಬಟ್ಟೆಯೇ ಒಣಗದ ಕಾಲ. ಅದಕ್ಕೆ ಶೆಡ್ಡಿನ ಮೂಲೆಯಲ್ಲಿ ಕೆಟ್ಟುಹೋದ ಫ್ರಿಜ್ಜೊಂದಿದೆ. ಒಳಗೆ ನಾಲ್ಕು ದೊಡ್ಡ ಬಲ್ಬು ಹಾಕಿಟ್ಟಿದ್ದಾರೆ, ಬಾಗಿಲು ಮುಚ್ಚಿದರೆ ಒಲೆಯಾಗುತ್ತದೆ. ತಂಪು ಕಾಯಬೇಕಾದದ್ದು ಮುದಿತನದಲ್ಲಿ ಬಿಸಿ ಕಾಯುತ್ತ ಕೂತಿದೆ. ಮಳೆಗಾಲದ ಮೋಟಾರುಗಳೆಲ್ಲ ಅದರ ಹೊಟ್ಟೆಯಲ್ಲೇ ಒಣಗುವುದು. ಬೇರಿಂಗು ಬಸ್ಸಿನ ಪಾರ್ಸಲ್ಲಿನಲ್ಲಿ ಬರುತ್ತದೆ, ಬರುವುದು ತಡವಾಗುತ್ತದೆ. ಆ ನಡುವೆ ಉಮೇಶ್ ಕಳಸಕ್ಕೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದಾಗ, ವಸಂತಮ್ಮ ಬೇರೆ ಕಡೆ ವಿಚಾರಿಸುವುದಿಲ್ಲ. ದಿನ ಮಾತ್ರ ಮುಂದೂಡುವಂತಿಲ್ಲ ಎಂದು ಮತ್ತೊಮ್ಮೆ ನೆನಪಿಸುತ್ತಾರೆ.

ಈ ಸಲದ ನೀರಿನ ವ್ಯವಸ್ಥೆ ಸುಗ್ರಾ ಬೀ ನಿಂತು ಮಾಡಿಸಿದ್ದು. ಜಾವಳಿಯ ಶೆಡ್ಡಿನೊಳಗೇ ಒಂದು ನೀಲಿ ಡ್ರಮ್ಮು, ಕಸ ಬೀಳದಂತೆ, ಬೆಳಕು ತಾಗಿ ಪಾಚಿ ಕಟ್ಟದಂತೆ ಗಟ್ಟಿ ಮುಚ್ಚಳ. ಅದರೊಳಗೆ ಏರ್‌ಕೂಲರಿನ ಸಣ್ಣ ಪಂಪು. ಡ್ರಮ್ಮಿನ ನೀರು ಮೋಟಾರಿಗೆ ಹೋಗಿ ಮತ್ತೆ ಡ್ರಮ್ಮಿಗೇ ಬರುತ್ತದೆ. ಶೆಡ್ಡಿನಲ್ಲೇ ವಾಸ ಮಾಡುವ ನೀರು ಶೆಡ್ಡಿನ ಗಾಳಿಯಷ್ಟೇ ಬೆಚ್ಚಗಿರುತ್ತದೆ, ಮೋಟಾರಿನ ಬಿಸಿ ಸೇರಿ ಕೊಂಚ ಹೆಚ್ಚೇ. ಹಾಗಾಗಿ ಬೆವರುವ ಮಾತಿಲ್ಲ. ಅಬ್ಬಿಯನ್ನೂ ಅವರು ಕೈಬಿಟ್ಟಿಲ್ಲ. ಸುರುಳಿ ಸುತ್ತಿದ ತಾಮ್ರದ ಕೊಳವೆಯೊಂದನ್ನು ಡ್ರಮ್ಮಿನಲ್ಲಿ ಮುಳುಗಿಸಿ ಅಬ್ಬಿಯ ನೀರನ್ನು ಅದರೊಳಗೆ ಹಾಯಿಸಿದ್ದಾರೆ, ನಡುವೆ ಒಂದು ನಲ್ಲಿ. ಬೇಸಿಗೆಯಲ್ಲಿ ಡ್ರಮ್ಮು ಕಾದರೆ ನಲ್ಲಿ ತೆಗೆಯಬೇಕು, ಮಳೆಗಾಲದಲ್ಲಿ ಮುಟ್ಟಬಾರದು.

"ಡ್ರಮ್ಮಿಗೆ ಕೈ ಅದ್ದಿ ನೋಡು. ಮಗುಗೆ ನೀರು ಹೊಯ್ಯೋ ಮೊದ್ಲು ನೋಡ್ತಾರಲ್ಲ, ಹಾಗೆ," ಎಂದು ಯಶೋದಾಗೆ ಹೇಳಿಕೊಡುತ್ತಾರೆ. ಉಮೇಶರ ಬಲಗೈಗೆ ಬಿಸಿ ತಂಪು ಸರಿಯಾಗಿ ತಿಳಿಯುವುದಿಲ್ಲ, ಆದ್ದರಿಂದ ಈ ಇಲಾಖೆ ಯಶೋದಾ ಅವರದ್ದು. ಇನ್ನೂ ಒಂದು ಉಪಾಯ ಇದೆ. ವಾಪಸು ಬರುವ ಪೈಪಿನ ತುದಿಯನ್ನು ನೀರಿನಲ್ಲಿ ಮುಳುಗಿಸದೆ ಮೇಲೆ ತೂಗು ಹಾಕಿದ್ದಾರೆ. ನೀರು ಡ್ರಮ್ಮಿಗೆ ಬೀಳುವ ಸದ್ದು ಕೇಳುತ್ತಿರುವವರೆಗೆ ಪಂಪು ಓಡುತ್ತಿದೆ ಎಂದು ಲೆಕ್ಕ. ಸದ್ದು ನಿಂತರೆ ಹಲಗೆ ಬಿಟ್ಟು ಮೊದಲು ಸ್ವಿಚ್ಚು ಆರಿಸಬೇಕು.

ಆಗಸ್ಟ್ ತಿಂಗಳ ಒಂದು ಬೆಳಿಗ್ಗೆ ಸ್ಪಿಂಡಲ್ ಮತ್ತೆ ಮೇಜಿನಡಿ ಕೂರುತ್ತದೆ. ಪರೀಕ್ಷೆಗೆ ಇದಕ್ಕಿಂತ ಕೆಟ್ಟ ದಿನ ಸಿಗಲಿಕ್ಕಿಲ್ಲ. ಎದುರಿಗಿರುವ ಗದ್ದೆ ಕಾಣುವುದಿಲ್ಲ, ಶೆಡ್ಡಿನ ಒಳಗಿನ ಗೋಡೆಯೂ ಮಸುಕು. ಉಮೇಶ್ ಸ್ವಿಚ್ಚು ಒತ್ತುತ್ತಾರೆ. ಮೋಟಾರು ಮೆಲ್ಲಗೆ ಏಳುತ್ತದೆ, ಏರುತ್ತದೆ, ಒಂದು ಶ್ರುತಿಗೆ ಬಂದು ನಿಲ್ಲುತ್ತದೆ. ಹಲಗೆ ಮೇಲೆ ಹಲಗೆ ಹೋಗುತ್ತದೆ, ತೋಡಿನ ಪುಡಿ ಹಾರುತ್ತದೆ. ಮಧ್ಯಾಹ್ನದ ಹೊತ್ತಿಗೆ ಸುಗ್ರಾ ಬೀ ಅದನ್ನು ನಿಲ್ಲಿಸಿ, ಹಳೇ ದಿನಪತ್ರಿಕೆಯ ಹಾಳೆಯೊಂದನ್ನು ಮೋಟಾರಿನ ಮೈಗೆ ಸುತ್ತಿ ಅಂಗೈಯಿಂದ ಒತ್ತಿ ಹಿಡಿಯುತ್ತಾರೆ. ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. ಹಾಳೆಯ ಮೇಲೆ ಒಂದು ಚುಕ್ಕೆ ತೇವವೂ ಇಲ್ಲ. ಹಾಳೆಯನ್ನು ಉಮೇಶರ ಕೈಗೆ ಕೊಡುತ್ತಾರೆ. ಉಮೇಶ್ ಅದನ್ನು ಯಶೋದಾಗೆ ಕೊಡುತ್ತಾರೆ. ಆಕೆ ಅದನ್ನು ಮಡಚಿ ದೀಪದ ಗೂಡಿನ ಹತ್ತಿರ ಇಡುತ್ತಾರೆ, ಪ್ರಸಾದದ ಹಾಗೆ.

ಈಗ ಸೆಪ್ಟೆಂಬರ್ ಮುಗಿಯುತ್ತಿದೆ. ಮಳೆ ಬಿಟ್ಟು ಬಿಟ್ಟು ಬರುತ್ತಿದೆ. ನಿನ್ನೆ ವಸಂತಮ್ಮ ಸಂಘದ ಜೀಪು ತಂದು, ಪೆಟ್ಟಿಗೆಗಳಿಗೆ ಒಂದೊಂದಾಗಿ ಚೌಕಟ್ಟು ಇಳಿಸಿ, ಎತ್ತಿ, ಮತ್ತೆ ಇಳಿಸಿ ನೋಡಿದ್ದಾರೆ. ಎಲ್ಲಿಯೂ ಸಿಕ್ಕಿಕೊಂಡಿಲ್ಲ. ಜೀಪು ತುಂಬಿ ಒಂದು ಖೇಪು ಹೋಗಿದೆ, ಉಳಿದದ್ದು ಬರುವ ವಾರ. ಮುಂದಿನ ವರ್ಷಕ್ಕೆ ಎಷ್ಟು ಬೇಕಾಗಬಹುದು ಎಂದು ಹೋಗುವಾಗ ಅವರೇ ಬಾಯಿಬಿಟ್ಟು ಹೇಳಿದ್ದಾರೆ. ಹೋಂಸ್ಟೇಯ ಗೇಟಿಗೆ ಬೇರೆ ಯಾರೋ ಸೇರಿಕೊಂಡರಂತೆ. ಉಮೇಶ್ ಆ ಸುದ್ದಿಯನ್ನು ಪಕ್ಕದೂರಿನ ಮದುವೆಯ ಸುದ್ದಿಯಂತೆ ಖುಷಿಯಿಂದ ಹೇಳುತ್ತಾರೆ.

ಇವತ್ತು ಸುಗ್ರಾ ಬೀ ಜಾವಳಿಗೆ ಬಂದಿರುವುದು ಮಳೆಗಾಲ ಕಳೆದ ಮೋಟಾರಿನ ಆರೋಗ್ಯ ವಿಚಾರಿಸಲು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿನ ಮೇಲಿಟ್ಟು, ಹಿಡಿಯನ್ನು ಕಿವಿಗೆ ಹಚ್ಚಿ ಕೇಳಿದ್ದಾಗಿದೆ. ಕೊರಗಿಲ್ಲ, ಗೊರಗಿಲ್ಲ. ಬಂದ ಕೆಲಸ ಅಲ್ಲಿಗೆ ಮುಗಿಯಿತು. ಮೂಡಿಗೆರೆಯಲ್ಲಿ ಸಾಹೇಬರು ಒಬ್ಬರೇ ಇದ್ದಾರೆ, ಹಣ್ಣಿನ ಕಾಲಕ್ಕೆ ಮೊದಲೇ ಸರಿ ಮಾಡಿಸಿಡೋಣ ಎಂದು ಬುದ್ಧಿವಂತ ಎಸ್ಟೇಟಿನವರು ಪಲ್ಪರ್ ಮೋಟಾರು ಇಳಿಸತೊಡಗಿದ್ದಾರೆ. ಉಮೇಶ್ ಸ್ಕೂಟರಿನ ಕೀ ಕೈಗೆ ತೆಗೆದುಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಸುಗ್ರಾ ಬೀ ಮಾತ್ರ ಹಲಗೆಗಳ ಅಟ್ಟಿಯ ಮೇಲೆ ಕೂತೇ ಇದ್ದಾರೆ.

"ಇರು ಮಾರಾಯ, ಎಂತ ಅವಸರ," ಎನ್ನುತ್ತಾರೆ. "ನಮ್ಮ ಬಾಗಿಲಿಗೆ ಬರೋದೆಲ್ಲ ಕೆಟ್ಟು ಬಂದದ್ದೇ. ಸರಿ ಮಾಡಿ ಕೊಟ್ಟ ಕೂಡ್ಲೇ ಹೊತ್ಕೊಂಡು ಹೋಗ್ತಾರೆ. ಆಮೇಲೆ ಅದು ಎಲ್ಲಿ, ಹೇಗೆ ಓಡ್ತದೆ ಅಂತ, ಪರೀಕ್ಷೆಗಲ್ದೆ ಸುಮ್ನೆ ಕೂತು ನೋಡಿದ್ದೇ ಇಲ್ಲ ನಾನು. ಇನ್ನೊಂದು ಹಲಗೆ ತಳ್ಳು, ನೋಡಿ ಹೋಗ್ತೀನಿ."

ಉಮೇಶ್ ಕೀಯನ್ನು ಮತ್ತೆ ಮೊಳೆಗೆ ಸಿಕ್ಕಿಸಿ, ಅಟ್ಟಿಯಿಂದ ಒಂದು ಹಲಗೆ ಎಳೆದುಕೊಳ್ಳುತ್ತಾರೆ.